ಅಪ್‌ಡೇಟ್: ಡಿಪ್ರೆಶನ್ ಇದೆ, ಬಾವಲಿಗಳೂ ಇವೆ

ಡಿಪ್ರೆಶನ್‌ನಿಂದ ಸಂಜೆಯಾದರೆ ಮನಸ್ಸು ಕುಸಿಯುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಒಬ್ಬರು ‘ಆ ಹೊತ್ತಿಗೆ ಹೊರಗೆ ನಿಂತು ಬಾವಲಿ ನೋಡಿ’ ಎಂದಿದ್ದರು. ತಮಾಷೆ ಅಲ್ವಾ ಅನ್ನಿಸಿತ್ತು.

ಜಯನಗರದ ನಮ್ಮ ಮನೆ ಎದುರು ಗಸಗಸೆ ಹಣ್ಣಿನ ಮರವಿದೆ. ಕತ್ತಲಾಗುತ್ತಲೇ ಪುಟ್ಟ ಬಾವಲಿಗಳು ಬರುತ್ತವೆ. ಮುಖ ಥೇಟ್ ನಾಯಿಮರಿಯದ್ದು! ಕಣ್ಣು, ಮೂಗು ನಂಬಿ ಹಣ್ಣು ಹುಡುಕುತ್ತವೆ. ರಸ ಹೀರಿ ಸಿಪ್ಪೆ ಉಗುಳುತ್ತವೆ. ಕೆಳಗೆ ನಿಲ್ಲಿಸಿದ ಸ್ಕೂಟರ್ ಸೀಟಿನ ಗತಿ ಕೇಳಬೇಡಿ. ಅಪಶಕುನ ಅಂತಿದ್ದ ಅಮ್ಮನೇ ಈಗ ‘ನಿನ್ನ ನೆಂಟರು ಬಂದ್ರು ನೋಡು’ ಅಂತ ಕರೆಯುತ್ತಾರೆ.

ಕಾಯಿಲೆ ಹೋಗಿಲ್ಲ. ಮಾತ್ರೆ, ಕೌನ್ಸೆಲಿಂಗ್ ನಡೆದೇ ಇವೆ. ಕೆಲವು ದಿನ ಹಾಸಿಗೆಯಿಂದ ಏಳುವುದೂ ಕಷ್ಟ. ಒಂದು ರಾತ್ರಿ ತೀರಾ ಜಾಸ್ತಿಯಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು.