22 ಮೈಲಿ ಹಾಯಿ ಪಯಣ: ಬೆಳಗ್ಗೆ 10ಕ್ಕೆ ಹೊರಟರೆ ಸಾಕಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಇದುವರೆಗೆ ಬಂದರಿನ ಸುತ್ತಮುತ್ತ ಮಾತ್ರ ಹಾಯಿ ಬಿಚ್ಚಿ ಓಡಾಡಿದ್ದು. ಈಗ ಮೊದಲ ಸಲ ದಡದ ಗುಂಟ 22 ನಾಟಿಕಲ್ ಮೈಲಿ ಹೋಗಿ ಒಂದು ಅಳಿವೆಯೊಳಗೆ ಲಂಗರು ಹಾಕೋಣ ಅಂತ ಇದ್ದೇವೆ, ನಾವಿಬ್ಬರೇ. ದೋಣಿ 24 ಅಡಿ, ಕೀಲ್ (ದೋಣಿಯ ತಳದಿಂದ ಕೆಳಗೆ ಚಾಚಿದ ಭಾಗ) ನೀರಿನೊಳಗೆ 1.2 ಮೀಟರ್ ಇಳಿಯುತ್ತದೆ, ಸರಾಸರಿ ವೇಗ 4 ನಾಟ್, ಅಂದರೆ ಗಂಟೆಗೆ 4 ನಾಟಿಕಲ್ ಮೈಲಿ. ಅಳಿವೆ ಬಾಯಲ್ಲಿ ಮರಳ ದಿಬ್ಬ ಇದೆ, ನಕ್ಷೆಯಲ್ಲಿ ಅಲ್ಲಿ ಆಳ 0.6 ಮೀಟರ್. ಆ ದಿನ ಇಳಿತ ಬೆಳಗ್ಗೆ 6:40ಕ್ಕೆ, 0.5 ಮೀಟರ್. ಭರತ ಮಧ್ಯಾಹ್ನ 12:50ಕ್ಕೆ, 2.3 ಮೀಟರ್. ಮತ್ತೆ ಇಳಿತ ಸಂಜೆ 7:05ಕ್ಕೆ, 0.6. ಸೂರ್ಯ ಮುಳುಗೋದು 6:10ಕ್ಕೆ. ಬೆಳಗ್ಗೆ ಗಾಳಿ ಇರುವುದಿಲ್ಲ, ಹಾಗಾಗಿ 10ಕ್ಕೆ ಹೊರಟರೆ ಮೂರೂವರೆಗೆ ತಲುಪುತ್ತೇವೆ, ಕತ್ತಲಾಗೋಕೆ ಬೇಕಾದಷ್ಟು ಹೊತ್ತು ಇರುತ್ತದೆ. ಲೆಕ್ಕ ಸರಿ ಅಲ್ವಾ?

ಉತ್ತರ 1:
ಕೂಡಿದ್ದು ಸರಿ, ಆದರೆ ಹೊರಡೋ ಕಡೆಯಿಂದ ಕೂಡಿದ್ದೀರಿ. ತಲುಪೋ ಕಡೆಯಿಂದ ಹಿಂದಕ್ಕೆ ಬನ್ನಿ. ಕೀಲ್‌ಗೆ 1.2, ಅಲೆಗೆ ದೋಣಿ ಕುಕ್ಕಿದಾಗ ತಳ ತಾಗದಿರಲು ಇನ್ನೊಂದು 0.6, ಒಟ್ಟು 1.8. ನಕ್ಷೆಯ ಆಳ ಅತಿ ಕಡಿಮೆ ನೀರಿನ ಮಟ್ಟದಿಂದ ಅಳೆದದ್ದು, ಭರತ ಇಳಿತದ ಎತ್ತರವನ್ನು ಅದರ ಮೇಲೆ ಕೂಡಬೇಕು. ಹಾಗಾಗಿ ನಕ್ಷೆಯ 0.6 ಕಳೆದರೆ ನೀರಿನ ಎತ್ತರ 1.2 ಮೀಟರ್ ಮುಟ್ಟಿರಬೇಕು, ಅಂದರೆ ಬೆಳಗಿನ ಇಳಿತದ 0.5ರಿಂದ 0.7 ಏರಿರಬೇಕು. ಹನ್ನೆರಡು ಪಾಲಿನ ಲೆಕ್ಕ ಹಾಕಿ: ಏರೋ ನೀರನ್ನು 12 ಪಾಲು ಮಾಡಿದರೆ ಮೊದಲ ಗಂಟೆ 1 ಪಾಲು, ಆಮೇಲೆ 2, 3, 3, 2, 1. ನಿಮ್ಮ ದಿನಕ್ಕೆ ಒಂದು ಪಾಲು 15 ಸೆಂಟಿಮೀಟರ್. ಹೆಚ್ಚುಕಮ್ಮಿ 9:15ರಿಂದ 4:20ರವರೆಗೆ ಆಳ ಸಿಗುತ್ತದೆ. ಮೂರೂವರೆ ಅದರೊಳಗೇ ಇದೆ, ಹೌದು.

ಆದರೆ ಆ ಹೊತ್ತಿಗೆ ಇಳಿತದ ಸೆಳೆತ ಜೋರು, ಕಡಲ ಗಾಳಿಯೂ ಜೋರು. ಒಳಗಿಂದ ನೀರು ಹೊರಗೆ, ಹೊರಗಿಂದ ಗಾಳಿ ಒಳಗೆ, ಎರಡೂ ದಿಬ್ಬದ ಮೇಲೆ ಮುಖಾಮುಖಿ. ಅಲೆ ಗಿಡ್ಡವಾಗಿ, ಗೋಡೆ ಹಾಗೆ ಎದ್ದು, ಒಂದರ ಹಿಂದೆ ಒಂದು ಮುರಿಯುತ್ತದೆ. ಮೋಸ ಏನಂದರೆ ಸಮುದ್ರದ ಕಡೆಯಿಂದ ಅಲೆಯ ಬೆನ್ನು ಮಾತ್ರ ಕಾಣುತ್ತದೆ, ನುಣ್ಣಗೆ ಇರುತ್ತದೆ. ಮುರಿಯೋ ಮುಖ ಕಾಣುವಾಗ ನೀವು ಅದರ ನಡುವೆಯೇ ಇರುತ್ತೀರಿ. ಇನ್ನೊಂದು ಗಂಟೆ ತಡವಾದರೆ ಆಳವೂ ಇಲ್ಲ, ಮತ್ತೆ ಅಷ್ಟು ನೀರು ಬರೋದು ರಾತ್ರಿ ಒಂಬತ್ತೂವರೆ ಹೊತ್ತಿಗೆ, ಕತ್ತಲಲ್ಲಿ.

7ಕ್ಕೇ ಹೊರಡಿ, 12:30ಕ್ಕೆ ಅಳಿವೆ ಬಾಯಿ. ನೀರು ಏರುವಾಗ ಒಳಗೆ ಹೋದರೆ ಅಕಸ್ಮಾತ್ ತಳ ತಾಗಿದರೂ ನೀರೇ ಎತ್ತುತ್ತದೆ. ಗಾಳಿ ಇಲ್ಲದಿದ್ದರೆ ಇಂಜಿನ್ ಹಾಕಿ, ಅದರಲ್ಲಿ ಅವಮಾನ ಏನಿಲ್ಲ.

ಉತ್ತರ 2:
ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಗಾಳಿ ನೇರ ಎದುರಿಗೆ ಬಂದರೆ ಆ ಕಡೆ ಈ ಕಡೆ ಓರೆಯಾಗಿ ಹೋಗಬೇಕಲ್ಲ, ಆಗ 22 ಮೈಲಿ 31 ಆಗುತ್ತದೆ, ಅಂದರೆ ಸುಮಾರು 8 ಗಂಟೆ. ಮುನ್ಸೂಚನೆಯಲ್ಲಿ ಕೊಡೋದು ಸರಾಸರಿ ಗಾಳಿ. ನಡುನಡುವೆ ಒಮ್ಮೆಲೇ ಬರೋ ಬೀಸು ಅದಕ್ಕಿಂತ ಜಾಸ್ತಿ. 10 ನಾಟ್ ಗಾಳಿ 14 ಆದರೆ ಹಾಯಿ ಮೇಲಿನ ಒತ್ತಡ ಹತ್ತಿರ ಹತ್ತಿರ ಎರಡು ಪಟ್ಟು. ಬೆಳಗ್ಗೆ 10 ಗಂಟೆ ಹೊತ್ತಿಗೆ 10 ಮೈಲಿ ಆಗಿರದಿದ್ದರೆ ವಾಪಸ್ ಅಂತ ಇಬ್ಬರೂ ಈಗಲೇ ಮಾತಾಡಿಕೊಳ್ಳಿ, ಅಲ್ಲಿ ಹೋಗಿ ಚರ್ಚೆ ಬೇಡ. ಇನ್ನೊಂದು, ಸುಮ್ನೆ ಮುಂದಿನ ವಾರಕ್ಕೆ ಹಾಕೋಣ ಅಂದುಕೊಂಡರೆ ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ವಾರ ಕಳೆದರೆ ನಿಮ್ಮ ಮಧ್ಯಾಹ್ನದ ಭರತದ ಜಾಗದಲ್ಲಿ ಇಳಿತ ಇರುತ್ತದೆ.

ಉತ್ತರ 3:
ಭರತ ಇಳಿತದ ಆ ಸಮಯ ಯಾವ ಬಂದರಿನದ್ದು? ನಾನು ಒಮ್ಮೆ ಹೊರಟ ಬಂದರಿನ ಪಟ್ಟಿ ನೋಡಿಕೊಂಡು ಹೋಗಿದ್ದೆ. ತಲುಪೋ ಕಡೆ ಭರತ 40 ನಿಮಿಷ ಮೊದಲೇ ಮುಗಿದಿತ್ತು. ಇಳಿಯೋ ನೀರಲ್ಲಿ ಮರಳಿಗೆ ಕೂತ ದೋಣಿ ಮೆಲ್ಲಗೆ ವಾಲಿತು, ಒಳಗಿದ್ದ ಸಾಮಾನೆಲ್ಲ ಒಂದು ಬದಿಗೆ. ಕತ್ತಲಾದ ಮೇಲೆ ನೀರು ಬರೋವರೆಗೂ ಗೋಡೆ ಮೇಲೆ ಕೂತಿದ್ದೆ, ಯಾಕಂದರೆ ನೆಲ ಗೋಡೆ ಆಗಿತ್ತು.

ಪ್ರಶ್ನೆ ಕೇಳಿದವರು:
ಥೂ, ನೋಡಿದೆ. ಅದು ಹೊರಡೋ ಬಂದರಿನ ಪಟ್ಟಿಯೇ! ಅಳಿವೆಯಲ್ಲಿ ಭರತ 20 ನಿಮಿಷ ಮೊದಲು, 12:30ಕ್ಕೆ. ಹಾಗಾಗಿ ಹೊರಡೋದು ಆರೂವರೆಗೆ, 12ಕ್ಕೆ ಬಾಯಿ, 10ಕ್ಕೆ 10 ಮೈಲಿ ಆಗದಿದ್ದರೆ ವಾಪಸ್. ಐದಕ್ಕೆ ಏಳಬೇಕು ಅಂತ ಜೊತೆಗಾರನಿಗೆ ಮೆಸೇಜ್ ಹಾಕಿದ್ದೇನೆ. ನೋಡಿದ್ದಾನೆ, ಉತ್ತರ ಇಲ್ಲ.