ಕಡಿದಾದ ಇಳಿಜಾರಿಗೆ ಆಟೊಮ್ಯಾಟಿಕ್ ಫೋರ್ ಬೈ ಫೋರ್ ಆಗುತ್ತಾ?

ಪ್ರಶ್ನೆ
ಇಷ್ಟು ವರ್ಷ ಮ್ಯಾನ್ಯುಯಲ್ ಗಾಡಿಯನ್ನೇ ಓಡಿಸಿದ್ದೇನೆ. ಈಗ ಮೊಣಕಾಲು ನೋವು, ಕ್ಲಚ್ ತುಳಿಯೋದು ಕಷ್ಟ. ಆಟೊಮ್ಯಾಟಿಕ್ ತಗೋಬೇಕು ಅಂತಿದ್ದೇನೆ. ನಾನು ದಿನಾ ಹೋಗುವ ದಾರಿಯಲ್ಲಿ ಕಲ್ಲು, ಕೆಸರು, ಕಡಿದಾದ ಇಳಿಜಾರು ಎಲ್ಲಾ ಇದೆ. ಮ್ಯಾನ್ಯುಯಲ್‌ನಲ್ಲಾದರೆ ಫಸ್ಟ್ ಗೇರಿಗೆ ಹಾಕಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಆಟೊಮ್ಯಾಟಿಕ್‌ನಲ್ಲಿ ಆ ಹಿಡಿತ ಸಿಗುತ್ತಾ? ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿ) ಸಾಕು ಅಂತ ಗೆಳೆಯರು ಹೇಳ್ತಾರೆ, ನಿಜಾನಾ?

ಉತ್ತರ 1
ಸಾಲದು ಸರ್. ಆಲ್ ವೀಲ್ ಡ್ರೈವ್ ಜಾರುವ ರಸ್ತೆಗೆ ಒಳ್ಳೆಯದು, ಆದರೆ ಅಂಥ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಲೋ ರೇಂಜ್, ಅಂದರೆ ಗಾಡಿಯನ್ನು ತೀರಾ ನಿಧಾನವಾಗಿ, ಹೆಚ್ಚು ಬಲದಿಂದ ಓಡಿಸುವ ಹೆಚ್ಚುವರಿ ಗೇರ್, ಇರುವುದಿಲ್ಲ. ನಿಮಗೆ ಬೇಕಾಗಿರೋದೇ ಅದು. ಲೋ ರೇಂಜ್ ಅನುಪಾತ 2.5 ಇದ್ದರೆ, ಎಂಜಿನ್ ಅಷ್ಟೇ ತಿರುಗುತ್ತಿದ್ದರೂ ಗಾಡಿ ಎರಡೂವರೆ ಪಟ್ಟು ನಿಧಾನವಾಗಿ ಹೋಗುತ್ತದೆ, ಚಕ್ರಕ್ಕೆ ಅಷ್ಟೇ ಪಟ್ಟು ಬಲ ಸಿಗುತ್ತದೆ.

ಗೇರ್‌ಬಾಕ್ಸ್ ಮಾತ್ರ ಟಾರ್ಕ್ ಕನ್ವರ್ಟರ್‌ದೇ ಇರಲಿ. ಅದರಲ್ಲಿ ಎಂಜಿನ್ನಿನ ಬಲವನ್ನು ಆಯಿಲ್ ದಾಟಿಸುತ್ತದೆ, ಹಾಗಾಗಿ ಕಲ್ಲಿನ ಮೇಲೆ ಇಂಚಿಂಚಾಗಿ ಹತ್ತುವಾಗ ಕ್ಲಚ್ ಸುಡುವ ಭಯ ಇಲ್ಲ. ಡ್ರೈ ಕ್ಲಚ್ (ಆಯಿಲ್‌ನಲ್ಲಿ ಮುಳುಗಿರದ ಕ್ಲಚ್) ಇರುವ ಡ್ಯುಯಲ್ ಕ್ಲಚ್ ಬಾಕ್ಸ್, ಅಂದರೆ ಎರಡು ಕ್ಲಚ್‌ಗಳ ಆಟೊಮ್ಯಾಟಿಕ್, ಇಂಥ ಕಡೆ ಬೇಗ ಬಿಸಿಯಾಗುತ್ತದೆ. ಟಾರ್ಕ್ ಕನ್ವರ್ಟರ್‌ನ ಆಯಿಲ್ ಕೂಡ ಬಿಸಿಯಾಗುತ್ತದೆ, ಆಯಿಲ್ ಬಿಸಿಯಾಗಿದೆ ಎನ್ನುವ ಲೈಟ್ ಬಂದರೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಪಿ (ಪಾರ್ಕ್) ಹಾಕಿ, ಎಂಜಿನ್ ಆಫ್ ಮಾಡದೆ ತಣ್ಣಗಾಗಲು ಬಿಡಿ.

ಉತ್ತರ 2
ಇಳಿಜಾರಿನ ವಿಷಯ ನಾನು ಹೇಳ್ತೀನಿ, ಯಾಕಂದ್ರೆ ಅದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಹೊಸದರಲ್ಲಿ ಡಿ (ಡ್ರೈವ್) ಮೋಡ್‌ನಲ್ಲೇ ಇಳಿದೆ, ಗಾಡಿ ವೇಗ ಹಿಡಿದ ಹಾಗೆಲ್ಲ ಬಾಕ್ಸ್ ತಾನೇ ಮೇಲಿನ ಗೇರಿಗೆ ಹೋಗುತ್ತಿತ್ತು, ನಾನು ಬ್ರೇಕ್ ಒತ್ತುತ್ತಲೇ ಇದ್ದೆ, ಕೆಳಗೆ ಬರುವಷ್ಟರಲ್ಲಿ ಬ್ರೇಕ್ ಸುಟ್ಟ ವಾಸನೆ ಬಂದು ಪೆಡಲ್ ಮೆತ್ತಗಾಗಿತ್ತು. ಕೈಕಾಲು ನಡುಗಿಹೋಯಿತು.

ಈಗ ಇಳಿಜಾರು ಶುರುವಾಗುವ ಮೊದಲೇ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡು ನ್ಯೂಟ್ರಲ್ ಮಾಡಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಲೋ ರೇಂಜ್) ಹಾಕುತ್ತೇನೆ. ಆಮೇಲೆ ಮ್ಯಾನ್ಯುಯಲ್ ಮೋಡ್‌ನಲ್ಲಿ ಒಂದನೇ ಗೇರ್. ಗಾಡಿ ತೆವಳಿಕೊಂಡು ಇಳಿಯುತ್ತದೆ. ಆದರೂ ತೀರಾ ನಿಧಾನದಲ್ಲಿ ಕನ್ವರ್ಟರ್ ಸ್ವಲ್ಪ ಜಾರುವುದರಿಂದ ಮ್ಯಾನ್ಯುಯಲ್‌ನಷ್ಟು ಬಿಗಿ ಹಿಡಿತ ಬರಲ್ಲ, ಆಗಾಗ ಮೆಲ್ಲಗೆ ಬ್ರೇಕ್ ಮುಟ್ಟಬೇಕು. ಹಿಲ್ ಡಿಸೆಂಟ್ ಕಂಟ್ರೋಲ್ ಇದ್ದರೆ ಆ ಕೆಲಸ ಅದೇ ಮಾಡುತ್ತದೆ. ಇಳಿಜಾರಿನ ಮಧ್ಯದಲ್ಲಿ ನ್ಯೂಟ್ರಲ್ ಮಾತ್ರ ಮಾಡಲೇಬೇಡಿ, ಇದ್ದ ಹಿಡಿತವೂ ಹೋಗುತ್ತದೆ.

ಉತ್ತರ 3
ಇನ್ನೊಂದು. ಪಾರ್ಟ್ ಟೈಮ್ ಫೋರ್ ಬೈ ಫೋರ್ (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಾಡಿ) ಆದರೆ ಒಣಗಿದ ಟಾರ್ ರಸ್ತೆಯಲ್ಲಿ ಟೂ ಹೈನಲ್ಲೇ, ಅಂದರೆ ಎರಡೇ ಚಕ್ರಕ್ಕೆ ಬಲ ಹೋಗುವ ಮಾಮೂಲಿ ಮೋಡ್‌ನಲ್ಲೇ, ಓಡಿಸಿ. ತಿರುವಿನಲ್ಲಿ ಮುಂದಿನ ಚಕ್ರಗಳು ಜಾಸ್ತಿ ದೂರ ಹೋಗಬೇಕು, ಮುಂದಿನ, ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇಲ್ಲದೆ ಆ ವ್ಯತ್ಯಾಸ ಸರಿದೂಗಲ್ಲ, ಸ್ಟೀರಿಂಗ್ ಬಿಗಿಯಾಗಿ, ಚಕ್ರಕ್ಕೆ ಬಲ ಒಯ್ಯುವ ಡ್ರೈವ್‌ಲೈನ್ ಮೇಲೆ ಒತ್ತಡ ಬೀಳುತ್ತದೆ. ನಾಲ್ಕೂ ಟೈರ್ ಒಂದೇ ಸೈಜ್ ಇರಲಿ, ಸವೆತವೂ ಹೆಚ್ಚುಕಮ್ಮಿ ಒಂದೇ ಇರಲಿ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್. ಟೆಸ್ಟ್ ಡ್ರೈವ್‌ಗೆ ಸುಮ್ನೆ ಟಾರ್ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರಲ್ಲ, ಇಳಿಜಾರಿಗೇ ಒಯ್ದು ಫೋರ್ ಲೋ ಹಾಕಿ ನೋಡ್ತೀನಿ.