ಪುಟ್ಟನ ಸೈಕಲ್ ಕ್ಯಾರಿಯರ್ ವಿಷಯ

ಭಾವ, ನಿಮ್ಮ ಮೆಸೇಜ್ ಈಗಷ್ಟೇ ನೋಡಿದೆ. ಪುಟ್ಟನ ಸೈಕಲ್ಲಿನ ಹೊಸ ಕ್ಯಾರಿಯರ್ ಮುರಿಯಿತು, ಅಂಗಡಿಯವರು ವಾರಂಟಿ ಸಿಗುವುದಿಲ್ಲ ಅಂದರು, ಕಂಪೆನಿಯದ್ದೇ ಮೋಸ ಅಂತ ಹಾಕಿದ್ದೀರಿ ಅಲ್ವಾ. ಇರಬಹುದು. ಆದರೆ ಜಗಳಕ್ಕೆ ಹೊರಡುವ ಮೊದಲು ಎಲ್ಲಿ ಮುರಿದಿದೆ ಅಂತ ಸ್ವಲ್ಪ ನೋಡಿ.

ವೆಲ್ಡಿಂಗ್ ಗೆರೆಯಲ್ಲೇ ಬಿಟ್ಟುಕೊಂಡಿದ್ದರೆ ತಯಾರಿಯ ದೋಷ ಇರುವ ಸಾಧ್ಯತೆ ಜಾಸ್ತಿ, ಧೈರ್ಯವಾಗಿ ಕೇಳಿ. ಅದು ಬಿಟ್ಟು, ಕಾಲಿನ ಬೋಲ್ಟ್ ತೂತು ಉದ್ದಕ್ಕೆ ಸವೆದು, ಸುತ್ತ ಪೈಂಟ್ ಎದ್ದು ಹೊಳೆಯುತ್ತಿದ್ದರೆ ಬೋಲ್ಟ್ ಸಡಿಲವಾಗಿ ತುಂಬಾ ದಿನ ಕುಲುಕಾಡಿದೆ ಅಂತಲೇ ಲೆಕ್ಕ, ಅದನ್ನು ಯಾವ ಕಂಪೆನಿಯೂ ಒಪ್ಪುವುದಿಲ್ಲ. ಹೊಸ ಕ್ಯಾರಿಯರ್ ಕೂರಿಸಿ ಒಂದು ವಾರ ಓಡಿಸಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು, ಬದಿಯಡ್ಕ-ಪೆರ್ಲ ಕಡೆಯ ಒಳರಸ್ತೆಗಳಲ್ಲಂತೂ ಬೇಕೇ ಬೇಕು.

ಮತ್ತೆ ಭಾರ. ಕ್ಯಾರಿಯರ್ ಮೇಲೆ ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ, ಸಾಮಾನ್ಯವಾಗಿ 25 ಕೆಜಿ. ಸೀಟಿನ ಕಂಬಕ್ಕೆ ಮಾತ್ರ ಕಚ್ಚಿಸುವ ಜಾತಿಯದ್ದಾದರೆ 10 ಕೆಜಿಯ ಆಸುಪಾಸು ಅಷ್ಟೇ. ಪುಟ್ಟ ಒಬ್ಬನೇ 50 ಕೆಜಿ ಹಿಂಡಿ ಗೋಣಿ ತಂದ ಅಂತ ಅತ್ತೆ ಇದೇ ಗ್ರೂಪಿನಲ್ಲಿ ಹೊಗಳಿದ್ದರು! ಅದು ಈ ಸೈಕಲ್ಲಿನಲ್ಲೇ ಆದರೆ ವಾರಂಟಿ ಮಾತು ಎತ್ತುವ ಹಾಗೇ ಇಲ್ಲ.

ಅಲ್ಲ, ವೆಲ್ಡಿಂಗಿನದ್ದೇ ತಪ್ಪು ಅಂತಾದರೆ ದಯವಿಟ್ಟು ಗ್ರಿಲ್ ಮಾಡುವವರ ಹತ್ತಿರ ಕೊಂಡು ಹೋಗಿ ಬೆಸೆಯಬೇಡಿ. ಕ್ಯಾರಿಯರ್ ಅಲ್ಯೂಮಿನಿಯಮಿನದ್ದಾದರೆ ಅವರ ಮಾಮೂಲಿ ಮೆಷಿನಿನಲ್ಲಿ ಬೆಸುಗೆ ಸರಿಯಾಗಿ ಕೂರುವುದಿಲ್ಲ, ಮೇಲಿಂದ ಹೊರಗಿನವರು ಕೈ ಹಾಕಿದ್ದಾರೆ ಅಂತ ಕಂಪೆನಿಯವರಿಗೆ ನೆಪ ಸಿಗುತ್ತದೆ. ಬಿಲ್ಲು ಆ ನುಣುಪು ಕಾಗದದ್ದಾದರೆ ಅಕ್ಷರ ಮಾಸುವ ಮೊದಲು ಫೋಟೋ ತೆಗೆದಿಡಿ. ಮುರಿದ ಜಾಗ ಹತ್ತಿರದಿಂದ ಒಂದು, ಇಡೀ ಸೈಕಲ್ ಒಂದು, ಬಿಲ್ಲು ಒಂದು, ಇಷ್ಟನ್ನು ವಾರಂಟಿ ಕಾರ್ಡಿನಲ್ಲಿರುವ ಇಮೇಲಿಗೆ ನೀವೇ ಕಳಿಸಿ, ಅಂಗಡಿಯವರನ್ನು ಕಾಯುತ್ತಾ ಕೂರಬೇಡಿ, ಸುಮ್ನೆ ಅಲೆದಾಟ.

ಆಗಲೂ ಉತ್ತರ ಬರಲಿಲ್ಲ ಅಂದರೆ 1915, ಗ್ರಾಹಕರ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಜಗ್ಗದಿದ್ದರೆ ಕಾಸರಗೋಡಿನಲ್ಲೇ ಗ್ರಾಹಕ ಆಯೋಗ ಇದೆ, ಕೊಟ್ಟ ಹಣ 5 ಲಕ್ಷದ ಒಳಗಿನದ್ದಾದರೆ ಅರ್ಜಿಗೆ ಫೀಸಿಲ್ಲ, ಆದರೆ 2 ವರ್ಷದೊಳಗೆ ಕೊಡಬೇಕು. ಒಂದು ಕ್ಯಾರಿಯರಿಗೆ ಅಲ್ಲಿವರೆಗೆ ಯಾರು ಹೋಗುತ್ತಾರೆ ಅಂತೀರಿ, ಗೊತ್ತು. ಮೊದಲು ಆ ಮುರಿದ ಜಾಗದ ಫೋಟೋ ಇಲ್ಲಿ ಹಾಕಿ, ನೋಡಿ ಹೇಳ್ತೇನೆ.